ಹಿಂದಿನ ಸೀಟಿನ ಚಳಿ

ನವೆಂಬರ್ 18, ಸೋಮವಾರ
ಮೈನಸ್ 9. ಹೊರಟಾಗ 100, ತಲುಪಿದಾಗ 49.

ಬ್ಯಾಟರಿಯ ಲೆಕ್ಕವನ್ನು ದಿನಾ ಫೋನಿನಲ್ಲಿ ತುಂಬಿ ಕಳಿಸಬೇಕೆಂದು ಟ್ಯಾಕ್ಸಿ ಕಚೇರಿಯವರ ಅಪ್ಪಣೆ. ಕಳಿಸುತ್ತೇನೆ. ಆದರೆ ಅದರಲ್ಲಿ ಬೈಯುವುದಕ್ಕೆ ಜಾಗ ಕೊಟ್ಟಿಲ್ಲ. ಅದಕ್ಕೇ ಈ ಪುಸ್ತಕ.

ಹದಿನಾರು ವರ್ಷ ಓಡಿಸಿದ ಡೀಸೆಲ್ ಗಾಡಿ ಶನಿವಾರ ಕೈಬಿಟ್ಟು ಹೋಯಿತು. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಗುತ್ತಿಗೆ ಬೇಕಿದ್ದರೆ ಇನ್ನು ಹೊಗೆ ಬಿಡದ ಗಾಡಿಯೇ ಇರಬೇಕಂತೆ. ದಕ್ಷಿಣದಲ್ಲಿ, ಓಸ್ಲೋದಲ್ಲಿ ಬೆಚ್ಚಗೆ ಕೂತವರು ಮಾಡಿದ ನಿಯಮ. ಡೀಸೆಲ್ ಗಾಡಿ ಎಂದರೆ ಓಡುವ ಒಲೆ. ಅಂಗಡಿಗೆ ಹೋದರೂ ಎಂಜಿನ್ ಆರಿಸದೆ ಇಳಿದು, ಬಂದು ಬಿಸಿ ಸೀಟಿನಲ್ಲಿ ಕೂರುತ್ತಿದ್ದೆ. ಆ ಬಿಸಿ ಪುಕ್ಕಟೆ. ಇದರಲ್ಲಿ ಬಿಸಿಯೂ ಬ್ಯಾಟರಿಯಿಂದಲೇ ಬರಬೇಕು. ಹೀಟರ್ ಗುಂಡಿ ಒತ್ತಿದರೆ ಸಾಕು, ಪರದೆಯ ಮೇಲೆ ಇನ್ನುಳಿದ ಕಿಲೋಮೀಟರ್ ಸರ್ರನೆ ಇಳಿಯುತ್ತದೆ.

ಸೋಮ, ಬುಧ, ಶುಕ್ರ ನನಗೆ ಒಂದೇ ಸವಾರಿ. ಗುನ್ವೋರ್. ಆಕೆಯ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ನಮ್ಮೂರಿನಿಂದ ನೂರ ನಲವತ್ತೆರಡು ಕಿಲೋಮೀಟರ್. ಅರ್ಧ ದಾರಿಗೆ ಎಲ್ವಾ ಎಂಬ ಹತ್ತು ಮನೆಗಳ ಊರು, ಅದು ದಾಟಿದರೆ ಬೆಟ್ಟ, ಬೆಟ್ಟದಾಚೆ ಪಟ್ಟಣ.

ಗುನ್ವೋರಳಿಗೆ ಅರವತ್ತೆಂಟು. ನಮ್ಮೂರ ಮೀನು ಕಾರ್ಖಾನೆಯಲ್ಲಿ ಮೀನು ಕೊಯ್ಯುವ ಸಾಲಿಗೆ ಇಪ್ಪತ್ತೆರಡು ವರ್ಷ ಮೇಲ್ವಿಚಾರಕಿಯಾಗಿದ್ದಳು. ನಾನು ಹತ್ತೊಂಬತ್ತರಲ್ಲಿ ಅಲ್ಲಿ ಹನ್ನೊಂದು ದಿನ ಕೆಲಸ ಮಾಡಿದ್ದೆ. ಹನ್ನೆರಡನೇ ದಿನ, ಮಂಜುಗಡ್ಡೆಯಲ್ಲಿ ಕೈ ಮರಗಟ್ಟಿ, ಚಳಿ ಆಗುತ್ತಿದೆ ಎಂದೆ. ಎಲ್ಲರೆದುರು ನನ್ನ ಏಪ್ರನ್ ಬಿಚ್ಚಿಸಿ, "ಚಳಿ ಆಗೋರಿಗೆ ಅಮ್ಮನ ಅಡುಗೆಮನೆ ಇದೆ, ಹೋಗು" ಎಂದು ಕಳಿಸಿಬಿಟ್ಟಳು. ಮೂವತ್ತೆಂಟು ವರ್ಷವಾಯಿತು. ಆಕೆಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ.

ಇವತ್ತು ಹತ್ತಿ ಕೂತವಳೇ ಕೇಳಿದಳು: "ಇದು ಓಡ್ತಿದೆಯಾ ನಿಂತಿದೆಯಾ ಹಾಲ್ವರ್?"

"ಓಡ್ತಿದೆ."

"ಸದ್ದೇ ಇಲ್ಲ. ಹೆಣದ ಗಾಡಿ ಥರ."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಮಾತಾಡದೆ ಕೂರುವುದು ಕಷ್ಟವೇ.

ನವೆಂಬರ್ 27, ಬುಧವಾರ
ಮೈನಸ್ 14. 100, 44.

ಇದರ ಬಾಗಿಲಿನ ಹಿಡಿಗಳು ಅಂದಕ್ಕೆಂದು ಒಳಗೆ ಹುದುಗಿಕೊಂಡಿರುತ್ತವೆ. ಮಂಜು ಕಟ್ಟಿದರೆ ಹೊರಗೆ ಬರುವುದಿಲ್ಲ. ಮುಷ್ಟಿಯಿಂದ ಗುದ್ದಬೇಕು. ಚಾರ್ಜ್ ಮಾಡುವ ಜಾಗದ ಮುಚ್ಚಳಕ್ಕೂ ಗುದ್ದು. ಕೇಬಲ್ಲು ಒಣಮೀನಿನಂತೆ ಸೆಟೆದು ನಿಂತಿರುತ್ತದೆ, ಸುತ್ತಲು ಬರುವುದಿಲ್ಲ.

ಗುನ್ವೋರ್ ಕಿಟಕಿಯಿಂದ ನೋಡುತ್ತಿದ್ದಳಂತೆ. "ಅದನ್ನ ಯಾಕೆ ಹೊಡೀತಿದ್ದೆ? ಅದೇನು ತಪ್ಪು ಮಾಡ್ತು?"

"ಹುಟ್ಟಿದ್ದೇ ತಪ್ಪು" ಎಂದೆ.

ಹಿಂದಿನ ಸೀಟಿನಲ್ಲಿ ಬಲಗಡೆ ಕೂರುತ್ತಾಳೆ. ಸೂಜಿ ಚುಚ್ಚುವ ಎಡಗೈ ಬಾಗಿಲಿಗೆ ತಾಗಬಾರದಂತೆ. ಮುಂದಿನ ಸೀಟಿನಲ್ಲಿ ನನ್ನ ಸಲಿಕೆ, ಹಗ್ಗ, ಜಾಕೆಟ್ಟು, ಕಾಫಿ ಫ್ಲಾಸ್ಕು ಇರುತ್ತವೆ. ಮೊದಲಿನಿಂದಲೂ ಅವುಗಳ ಜಾಗ ಅದೇ.

ಡಿಸೆಂಬರ್ 2, ಸೋಮವಾರ
ಮೈನಸ್ 16. 100, 50.

ಕಚೇರಿಯಲ್ಲಿ ಆರ್ನ್‌ಫಿನ್ ಸಿಕ್ಕಿದ್ದ. ಅವನದೂ ಇದೇ ಗಾಡಿ, ವಿಮಾನ ನಿಲ್ದಾಣದ ಸವಾರಿ. ಕಾಫಿ ಯಂತ್ರದ ಪಕ್ಕ ಒಂದು ಹಲಗೆ ತೂಗುಹಾಕಿ, ಯಾರ ಗಾಡಿಯಲ್ಲಿ ಎಷ್ಟು ಉಳಿಯಿತು ಎಂದು ಸೀಮೆಸುಣ್ಣದಲ್ಲಿ ಬರೆದಿದ್ದಾನೆ. ಅವನ ಹೆಸರೇ ಮೇಲೆ. ನನ್ನದು ಕೆಳಗಿನಿಂದ ಎರಡನೆಯದು.

"ಹೀಟರ್ ಹಾಕ್ತೀಯಾ?" ಎಂದು ಕೇಳಿದ.

"ಹಾಕದೆ?"

"ಉಣ್ಣೆ ಒಳಂಗಿ ಇಲ್ವಾ ನಿಂಗೆ? ಏನು ಹಾಲ್ವರ್, ಓಸ್ಲೋದವನ ಥರ ಆಡ್ತೀಯಲ್ಲ!"

ನಮ್ಮ ಕಡೆಯವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಇವತ್ತು ಗಾಜು ಮಸುಕಾಗದಷ್ಟು ಗಾಳಿ ಬಿಟ್ಟು ಹೀಟರ್ ಆರಿಸಿ ಓಡಿಸಿದೆ. ನನ್ನ ಸೀಟಿನ ಕೆಳಗೆ ಬಿಸಿ ತಂತಿ ಇದೆ, ಅದು ಹೆಚ್ಚು ತಿನ್ನುವುದಿಲ್ಲ. ಬುಧವಾರದ ದಿನಕ್ಕಿಂತ ಹೆಚ್ಚು ಚಳಿ ಇದ್ದರೂ ಆರು ಪರ್ಸೆಂಟ್ ಉಳಿತಾಯ. ಗುನ್ವೋರಳನ್ನು ಕನ್ನಡಿಯಲ್ಲೇ ನೋಡಿ ಕೇಳಿದೆ, "ಪರವಾಗಿಲ್ವಾ?" ಎಂದು.

"ಪರವಾಗಿಲ್ಲ" ಎಂದಳು.

ಡಿಸೆಂಬರ್ 6, ಶುಕ್ರವಾರ
ಮೈನಸ್ 11. 100, 53.

ಹಲಗೆಯಲ್ಲಿ ಮೂರನೇ ಸ್ಥಾನ.

ವಾಪಸ್ ಬರುವಾಗ ಗುನ್ವೋರ್ ತಾನಾಗಿ ಮಾತೆತ್ತಿದಳು. ಡಯಾಲಿಸಿಸ್ ಆದ ಮೇಲೆ ಆಕೆ ಸಾಮಾನ್ಯವಾಗಿ ಮಾತಾಡುವುದಿಲ್ಲ. "ಜನವರಿ ಇಪ್ಪತ್ತೊಂಬತ್ತಕ್ಕೆ ಡಾಕ್ಟರ ಜೊತೆ ಕೂತು ಮಾತಾಡೋದಿದೆ. ಮುಂದುವರಿಸೋದೋ ಸಾಕೋ ಅಂತ."

"ಸಾಕು ಅಂದ್ರೆ?"

"ಸಾಕು ಅಂದ್ರೆ ಸಾಕು. ಮಿಷನ್ ನಿಲ್ಲಿಸಿದ್ರೆ ಒಂದು ವಾರ, ಹತ್ತು ದಿನ. ನೋವಿರಲ್ಲ, ನಿದ್ದೆ ಜಾಸ್ತಿ ಬರುತ್ತಂತೆ."

"ಹೌದಾ" ಎಂದೆ. ರಸ್ತೆಯ ಮೇಲೆ ಹಿಮಸಾರಂಗಗಳ ಹಿಂಡು ಬಂತು, ಹಾರ್ನ್ ಹೊಡೆದೆ, ಮಾತು ಅಲ್ಲಿಗೇ ನಿಂತಿತು. ಆಕೆಯ ಜೀವ, ಆಕೆಯ ತೀರ್ಮಾನ. ನನ್ನ ಕೆಲಸ ಓಡಿಸುವುದು.

ಡಿಸೆಂಬರ್ 11, ಬುಧವಾರ
ಮೈನಸ್ 19. 100, 47.

ಉಸಿರಿನ ಹಬೆ ಗಾಜಿನ ಒಳಗಡೆಯೇ ಮಂಜಾಗಿ ಕಟ್ಟುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕೆರೆಯುವ ಕಡ್ಡಿ. ಗುನ್ವೋರ್ ತನ್ನ ಕಿಟಕಿಯನ್ನು ಬ್ಯಾಂಕ್ ಕಾರ್ಡಿನಿಂದ ತಾನೇ ಕೆರೆದುಕೊಂಡಳು. ಕಾರ್ಖಾನೆಯಲ್ಲಿ ಕತ್ತಿ ಹಿಡಿದಂತೆಯೇ ಕಾರ್ಡನ್ನು ಓರೆಯಾಗಿ ಹಿಡಿದಿದ್ದಳು. ಮೇಲೆ ಎರಡು ಕೋಟು, ಮಡಿಲಲ್ಲಿ ಕುರಿಚರ್ಮ.

ಡಿಸೆಂಬರ್ 18, ಬುಧವಾರ
ಮೈನಸ್ 7. 100, 58!

ಹಲಗೆಯಲ್ಲಿ ಮೊದಲ ಸ್ಥಾನ. ಆರ್ನ್‌ಫಿನ್ ತಾನೇ ಒರೆಸಿ ನನ್ನ ಹೆಸರು ಮೇಲೆ ಬರೆಯಬೇಕಾಯಿತು. ಅವನ ಮುಖ ನೋಡಬೇಕಿತ್ತು. ಲಾರಿಯ ಹಿಂದೆ ಗಾಳಿ ತಪ್ಪಿಸಿಕೊಂಡು ಹೋದೆ, ಎಪ್ಪತ್ತು ದಾಟಲಿಲ್ಲ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟಲಿಲ್ಲ, ಹೀಟರ್ ಸೊನ್ನೆ. ಈ ಗಾಡಿಯನ್ನು ಬೈದವರಿಗೆ ಓಡಿಸಲು ಬರುವುದಿಲ್ಲ, ಅಷ್ಟೇ. ನಾನೂ ಬೈದಿದ್ದೆ, ಅದು ಬೇರೆ ಮಾತು.

ಆಸ್ಪತ್ರೆಯ ಬಾಗಿಲಲ್ಲಿ ಗುನ್ವೋರ್ ಕೇಳಿದಳು: "ಎಷ್ಟು ಬಂತು?"

"ಐವತ್ತೆಂಟು!"

"ಭೇಷ್" ಎಂದಳು. ತುಟಿ ನೀಲಿಯಾಗಿತ್ತು. ಕಾಯಿಲೆಯವರಿಗೆ ಹಾಗೇ ಇರುತ್ತದೆ.

ಡಿಸೆಂಬರ್ 25, ಬುಧವಾರ
ಮೈನಸ್ 13. 100, 52.

ಕ್ರಿಸ್‌ಮಸ್ ಎಂದು ಕಿಡ್ನಿಗೆ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ನಾವಿಬ್ಬರೇ. ಆಕೆ ಬೆಣ್ಣೆ ಸಕ್ಕರೆ ಹಚ್ಚಿ ಮಡಿಸಿದ ಆಲೂಗಡ್ಡೆ ರೊಟ್ಟಿ ನಾಲ್ಕು ಕಟ್ಟಿ ತಂದಿದ್ದಳು, ನನಗೆ. ತಾನು ತಿನ್ನುವಂತಿಲ್ಲ, ಆಲೂಗಡ್ಡೆ ನಿಷೇಧ. ನಾನು ಏನೂ ತಂದಿರಲಿಲ್ಲ.

ಜನವರಿ 8, ಬುಧವಾರ
ಮೈನಸ್ 18, ಬಿರುಗಾಳಿ. 100, 43.

ಬೆಟ್ಟದ ಕೆಳಗೆ ಗೇಟು ಹಾಕಿದ್ದರು. ಗಾಳಿಗೆ ಹಿಮ ಎದ್ದು ರಸ್ತೆ ಕಾಣದಂತಾದಾಗ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಗಾಡಿಗಳೆಲ್ಲ ಸಾಲು ಕಟ್ಟಿ ಕಾಯಬೇಕು, ಹಿಮ ತಳ್ಳುವ ಲಾರಿ ಬಂದಾಗ ಅದರ ಬಾಲ ಹಿಡಿದು ಹೋಗಬೇಕು. ನಾವು ಏಳನೆಯವರು.

ಲಾರಿಯವನು ಸಾಲಿನುದ್ದಕ್ಕೂ ನಡೆದು ಪ್ರತಿ ಗಾಡಿಯ ಗಾಜು ತಟ್ಟಿ ಕೇಳುತ್ತಾ ಬಂದ. ಅದು ಪದ್ಧತಿ: ಎಣ್ಣೆ ಇದೆಯಾ, ಸಲಿಕೆ ಇದೆಯಾ, ಬೆಚ್ಚಗಿನ ಬಟ್ಟೆ ಇದೆಯಾ.

"ಏನಪ್ಪಾ ಕರೆಂಟಿನವನೇ, ಎಷ್ಟಿದೆ?"

"ಅರವತ್ತೊಂದು."

"ಬೇಕಾದಷ್ಟಾಯ್ತು. ಇನ್ನೂ ಎರಡು ಗಂಟೆ ಆಗ್ಬಹುದು, ಮೇಲೆ ಒಬ್ಬ ಅಡ್ಡ ನಿಂತಿದ್ದಾನೆ. ಒಳಗೆ ಬೆಚ್ಚಗಿದ್ದೀರಾ?"

"ಬೆಚ್ಚಗಿದ್ದೀವಿ" ಎಂದೆ. ಗಾಜು ಏರಿಸಿದೆ.

ಎರಡು ಗಂಟೆ ಅಂದದ್ದು ಮೂರಾಯಿತು. ಮುಂದಿನ, ಹಿಂದಿನ ಗಾಡಿಗಳೆಲ್ಲ ಎಂಜಿನ್ ಹಾಕಿಕೊಂಡು ಹೊಗೆ ಬಿಡುತ್ತಾ ನಿಂತಿದ್ದವು. ನಾನು ಹೀಟರ್ ಆರಿಸಿದೆ. ಬೆಟ್ಟದ ಮೇಲೆ ಸಿಕ್ಕಿಹಾಕಿಕೊಂಡರೆ ಬೇಕಾಗುತ್ತದೆ ಎಂದು ಲೆಕ್ಕ. ಕಾಫಿ ಕೊಡಲೇ ಎಂದು ಕೇಳಿದೆ. "ಇವತ್ತಿನ ನೀರಿನ ಪಾಲು ಮುಗೀತು" ಎಂದಳು. ದಿನಕ್ಕೆ ಮುಕ್ಕಾಲು ಲೀಟರ್ ಅಷ್ಟೇ ಆಕೆಗೆ. ಎರಡನೇ ಗಂಟೆಯ ಮೇಲೆ ಹಿಂದಿನಿಂದ ಸದ್ದೇ ಇರಲಿಲ್ಲ. ನಿದ್ದೆ ಎಂದುಕೊಂಡೆ.

ಆಸ್ಪತ್ರೆಯ ಮುಂದೆ ಬಾಗಿಲು ತೆಗೆದರೆ ಆಕೆಗೆ ಇಳಿಯಲಾಗಲಿಲ್ಲ. ಮಂಡಿ ಮಡಚುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಎತ್ತಿಕೊಂಡೇ ಒಳಗೆ ಹೋದೆ. ಎರಡು ಕೋಟಿನೊಳಗೆ ಏನೇನೂ ತೂಕವಿಲ್ಲ.

ಡಯಾಲಿಸಿಸ್ ವಾರ್ಡಿನ ನರ್ಸ್ ಮಾರಿತ್ ಜ್ವರ ನೋಡುವ ಕಡ್ಡಿ ಹಿಡಿದು ಹೊರಗೆ ಬಂದಳು. "ಮೂವತ್ನಾಲ್ಕು ಪಾಯಿಂಟ್ ಆರು. ಮೂವತ್ತೇಳು ಇರ್ಬೇಕಿತ್ತು. ಕಾರಿನ ಹೀಟರ್ ಕೆಟ್ಟಿದೆಯಾ?"

"ಇಲ್ಲ."

"ಮತ್ತೆ?"

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ನೋಡಿ, ಇವರಿಗೆ ಮೊದಲೇ ರಕ್ತ ಕಮ್ಮಿ. ನಿಮಗೆ ತಣ್ಣಗಿದೆ ಅನ್ಸೋ ಹೊತ್ತಿಗೆ ಇವರು ಮರಗಟ್ಟಿರ್ತಾರೆ. ಇದನ್ನ ಯಾರೂ ಹೇಳಿಲ್ವಾ ನಿಮಗೆ?"

"ಅವರೇ ಪರವಾಗಿಲ್ಲ ಅಂದ್ರು" ಎಂದೆ. ನನ್ನ ಬಾಯಿಗೆ ಬಂದದ್ದು ಅಷ್ಟೇ. ಮಾರಿತ್ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು.

ಗಾಡಿಗೆ ಬಂದು ಕೂತೆ. ಪರದೆಯ ಮೇಲೆ 43. ಮೂರು ಗಂಟೆಯೂ ಹೀಟರ್ ಹಾಕಿದ್ದರೆ ಮೂವತ್ತು ಉಳಿಯುತ್ತಿತ್ತು. ಆ ಮೂವತ್ತನ್ನಾದರೂ ಏನು ಮಾಡುತ್ತಿದ್ದೆ? ಆಸ್ಪತ್ರೆಯ ಅಂಗಳದಲ್ಲೇ ಚಾರ್ಜರ್ ಇದೆ, ಎದುರಿಗೇ ಇದೆ.

ಜನವರಿ 9, ಗುರುವಾರ

ಇವತ್ತು ಸವಾರಿ ಇಲ್ಲ. ಹಿಮ ಗುಡಿಸಿದೆ. ಮತ್ತೆ ಗುಡಿಸಿದೆ.

ಒಂದು ಪ್ರಶ್ನೆ ಬೆಳಿಗ್ಗೆಯಿಂದ ಬಿಡುತ್ತಿಲ್ಲ. ಹೀಟರ್ ಆರಿಸಿದ್ದು ಹಲಗೆಯ ಆಸೆಗೋ, ಮೂವತ್ತೆಂಟು ವರ್ಷದ ಸಿಟ್ಟಿಗೋ? ಸಿಟ್ಟಿಗಲ್ಲ ಎಂದು ಬರೆಯಲು ಕೂತೆ. ನಾನೊಬ್ಬನೇ ಓದುವ ಪುಸ್ತಕ ಇದು, ಆದರೂ ಬರೆಯಲಾಗಲಿಲ್ಲ. ನಾಚಿಕೆಯಾಗುತ್ತಿದೆ.

ಜನವರಿ 10, ಶುಕ್ರವಾರ
ಮೈನಸ್ 15. ಒಳಗೆ 22. ತಲುಪಿದಾಗ 39.

ಸಲಿಕೆ, ಹಗ್ಗ ಎಲ್ಲ ಡಿಕ್ಕಿಗೆ ಹಾಕಿದೆ. ಮುಂದಿನ ಸೀಟಿನ ಬಿಸಿ ತಂತಿ ಹಾಕಿಟ್ಟು, "ಇಲ್ಲಿ ಕೂರಿ" ಎಂದೆ. ಎಡಗೈಗೆ ಆಸರೆಯಾಗಿ ದಿಂಬು ಇಟ್ಟಿದ್ದೆ.

ಗುನ್ವೋರ್ ದಿಂಬನ್ನು ನೋಡಿದಳು, ನನ್ನನ್ನು ನೋಡಿದಳು. "ಏನಿದು, ಮದುವೆ ಮೆರವಣಿಗೆಯಾ?"

ಕೂತಳು. ಎಲ್ವಾ ದಾಟಿತು. ಆಮೇಲೆ ಕೇಳಿದೆ, "ಚಳಿ ಆಗ್ತಿದೆ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು?"

"ಹೇಗೆ ಹೇಳ್ಲಿ?"

"ಬಾಯಲ್ಲಿ."

"ಚಳಿ ಅಂದ ಹುಡುಗನ್ನ ಎಲ್ಲರೆದುರಿಗೆ ಏಪ್ರನ್ ಬಿಚ್ಚಿಸಿ ಮನೆಗೆ ಅಟ್ಟಿದವಳು ನಾನು. ಈಗ ಅದೇ ಹುಡುಗನ ಗಾಡಿಯಲ್ಲಿ ಕೂತು, ನಂಗೆ ಚಳಿ ಕಣೋ ಅಂತ ಅಳ್ಲಾ?"

ಆಕೆಗೆ ನೆನಪಿತ್ತು. ಮೊದಲ ದಿನದಿಂದ ನೆನಪಿತ್ತು.

"ನೀವು ಸತ್ತೇ ಹೋಗ್ತಿದ್ರಿ" ಎಂದೆ. ದನಿ ಸ್ವಲ್ಪ ಜೋರಾಯಿತು.

"ಹೋಗಿದ್ರೆ ನಿಂಗೆ ದಿನಾ ಐವತ್ತೆಂಟು ಬರ್ತಿತ್ತು" ಎಂದಳು. ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕ್ಷಮಿಸಿ ಎಂದೆ. ಆ ಮಾತು ನನ್ನ ಬಾಯಲ್ಲಿ ಬಂದು ಎಷ್ಟು ವರ್ಷವಾಗಿತ್ತೋ, ಅರ್ಧವೇ ಬಂತು. ಆಕೆ ರಸ್ತೆ ನೋಡುತ್ತಾ, "ನಿಂದು ಒಳ್ಳೇ ಕೈ ಇತ್ತು ಆಗ. ಇನ್ನೊಂದು ವಾರ ಬಿಟ್ಟಿದ್ರೆ ಕಲೀತಿದ್ದೆ. ನನ್ನದೂ ತಪ್ಪೇ" ಎಂದಳು.

ಜನವರಿ 13, ಸೋಮವಾರ
ಮೈನಸ್ 21. ಒಳಗೆ 23.

ನಮ್ಮೂರಿನ ಪ್ರತಿ ಮನೆಯ ಹೊರಗೋಡೆಯಲ್ಲಿ ಒಂದು ಪ್ಲಗ್ ಇರುತ್ತದೆ. ಹಳೇ ಗಾಡಿಗಳ ಎಂಜಿನ್ನನ್ನು ಬೆಳಿಗ್ಗೆ ಬಿಸಿ ಮಾಡಲು ಹಾಕಿಸಿದ್ದು. ಗುನ್ವೋರಳ ಮನೆಯದು ಆಕೆಯ ಗಂಡ ಹೋದ ಮೇಲೆ ಯಾರೂ ಮುಟ್ಟದೆ ಮಂಜು ಕಟ್ಟಿತ್ತು. ಮುಕ್ಕಾಲು ಗಂಟೆ ಮುಂಚೆ ಹೋಗಿ ಕೆರೆದು, ಕೇಬಲ್ ಸಿಕ್ಕಿಸಿ, ಆಕೆಯ ಮನೆಯ ಕರೆಂಟಿನಲ್ಲೇ ಗಾಡಿಯನ್ನು ಬಿಸಿ ಮಾಡಿದೆ. ಬ್ಯಾಟರಿಗೆ ಒಂದು ಪರ್ಸೆಂಟೂ ಖರ್ಚಿಲ್ಲ. ಇದನ್ನು ನವೆಂಬರಿನಲ್ಲೇ ಮಾಡಬಹುದಿತ್ತು. ಗಾಡಿಯ ಪುಸ್ತಕದ ಒಂಬತ್ತನೇ ಪುಟದಲ್ಲಿ ಬರೆದಿದೆ. ನಾನು ಓದಿದ್ದು ನಿನ್ನೆ.

"ನನ್ನ ಕರೆಂಟ್ ಕದೀತಿದ್ದೀಯಾ?" ಬಾಗಿಲಿನಿಂದ ಕೂಗಿದಳು.

"ಹೌದು. ದಾರಿಯಲ್ಲಿ ವಾಪಸ್ ಕೊಡ್ತೀನಿ."

ಎಲ್ವಾದಲ್ಲಿ ನಿಲ್ಲಿಸಿದೆ. ಅಂಗಡಿಯ ಪಕ್ಕದಲ್ಲೇ ದೊಡ್ಡ ಚಾರ್ಜರ್ ಇದೆ, ಇಪ್ಪತ್ತು ನಿಮಿಷ ಸಾಕು. ಹದಿನಾರು ವರ್ಷ ಈ ಅಂಗಡಿಯ ಮುಂದೆ ಹಾದಿದ್ದೇನೆ, ಒಳಗೆ ಹೋದದ್ದು ಇವತ್ತೇ. ಅಂಗಡಿಯ ಸುನ್ನೀವ ದೋಸೆಕಲ್ಲಿನಂಥ ಅಚ್ಚಿನಲ್ಲಿ ಹೂವಿನಾಕಾರದ ವಾಫೆಲ್ ಹುಯ್ಯುತ್ತಿದ್ದಳು. ಗುನ್ವೋರ್ ಮೇಜಿನ ಮುಂದೆ ಕೂತು, ಕಂದು ಚೀಸ್ ಬೇಡ, ಬರೀ ಒಂದು ಎಸಳು ಸಾಕು ಎಂದಳು.

"ಇಷ್ಟಕ್ಕೇ ಸಾಕಾ?" ಸುನ್ನೀವ ಕೇಳಿದಳು.

"ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ನಾನು ಉಪ್ಪೂ ತಿನ್ನಂಗಿಲ್ಲ, ನೀರೂ ಕುಡಿಯಂಗಿಲ್ಲ ಮಾರಾಯ್ತಿ. ವಾಸನೆ ನೋಡೋಕೆ ದುಡ್ಡಿಲ್ವಲ್ಲ?"

ಆ ಒಂದು ಎಸಳನ್ನು ಇಪ್ಪತ್ತು ನಿಮಿಷ ತಿಂದಳು. ಉಳಿದದ್ದೆಲ್ಲ ನನಗೆ.

ಜನವರಿ 17, ಶುಕ್ರವಾರ
ಮೈನಸ್ 17. ಒಳಗೆ 23.

ಹಲಗೆಯಲ್ಲಿ ಕೊನೆಯ ಸ್ಥಾನ. "ಏನಾಯ್ತೋ, ಬ್ಯಾಟರಿ ಸತ್ತೋಯ್ತಾ?" ಎಂದ ಆರ್ನ್‌ಫಿನ್. "ಇಲ್ಲ, ವಾಫೆಲ್ ತಿಂತಾ ಕೂತಿದ್ವಿ" ಎಂದೆ. ಅವನು ಕೇಳಿದ್ದನ್ನು ನಂಬಲಿಲ್ಲ.

ಗುನ್ವೋರ್ ದಾರಿಯುದ್ದಕ್ಕೂ ಕಾರ್ಖಾನೆಯ ಕತೆ ಹೇಳುತ್ತಾಳೆ. ಯಾರು ಯಾರ ಹಿಂದೆ ಬಿದ್ದಿದ್ದರು, ಉಪ್ಪಿನ ಕೋಣೆಯಲ್ಲಿ ಯಾರು ಸಿಕ್ಕಿಬಿದ್ದರು, ಎಲ್ಲ. ನಾನು ಗೌರವಿಸುತ್ತಿದ್ದ ಇಬ್ಬರ ಮಾನ ಎಲ್ವಾ ಬರುವ ಮೊದಲೇ ಹೋಯಿತು.

ಜನವರಿ 22, ಬುಧವಾರ
ಮೈನಸ್ 12. ಒಳಗೆ 23.

ಎರಡು ತಿಂಗಳ ಹಗಲಿಲ್ಲದ ಕತ್ತಲೆಯ ಮೇಲೆ ಇವತ್ತು ಮಧ್ಯಾಹ್ನ ಸೂರ್ಯ ಮುಖ ತೋರಿಸಿದ. ಶಾಲೆ ಮಕ್ಕಳಿಗೆ ಅರ್ಧ ದಿನ ರಜೆ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಜಾಮ್ ತುಂಬಿದ ಸೂರ್ಯನ ಬನ್ನು. ಗುನ್ವೋರಳ ಹಾಸಿಗೆ ಇರುವುದು ಉತ್ತರದ ಕಿಟಕಿಗೆ. ಆಕೆಗೆ ಏನೂ ಕಾಣಲಿಲ್ಲವಂತೆ.

ವಾಪಸ್ ಬರುವಾಗ ಧೈರ್ಯ ಮಾಡಿ ಕೇಳಿದೆ. "ಮುಂದಿನ ಬುಧವಾರ ಡಾಕ್ಟರಿಗೆ ಏನು ಹೇಳ್ತೀರಿ?"

"ಗೊತ್ತಿಲ್ಲ."

"ನನ್ನ ಗಾಡಿ ಚಳಿಯಿಂದ ನಿಮಗೆ ಸಾಕಾಗಿದ್ರೆ..."

"ಪ್ರಪಂಚದಲ್ಲಿ ಆಗೋದೆಲ್ಲ ನಿನ್ನ ಗಾಡಿಯಿಂದ ಅಂದ್ಕೊಂಡಿದ್ದೀಯಾ?" ಎಂದು ಬೈದಳು. ಆಮೇಲೆ ಮೆಲ್ಲಗೆ, "ಮೀನಿನ ಪೆಟ್ಟಿಗೆ ಕಳಿಸ್ತಿದ್ವಲ್ಲ ಇದೇ ರಸ್ತೆಯಲ್ಲಿ, ವಾರಕ್ಕೆ ಮೂರು ಲೋಡು. ಐಸ್ ಹಾಕಿ, ಚೀಟಿ ಅಂಟಿಸಿ. ಎರಡು ವರ್ಷದಿಂದ ನಾನೂ ಹಂಗೇ ಹೋಗಿ ಬರ್ತಿದ್ದೀನಿ. ಇಳಿಸ್ಕೋತಾರೆ, ತೂಕ ಹಾಕ್ತಾರೆ, ತೊಳೀತಾರೆ, ವಾಪಸ್ ಹತ್ತಿಸ್ತಾರೆ. ಎಲ್ಲರೂ ಒಳ್ಳೆಯವರೇ. ಆದರೆ ಪೆಟ್ಟಿಗೆ ಎಷ್ಟು ದಿನ ಪೆಟ್ಟಿಗೆಯಾಗಿ ಇರ್ಬೇಕು ಹೇಳು" ಎಂದಳು.

ಎರಡು ವರ್ಷ ಆ ಪೆಟ್ಟಿಗೆಯನ್ನು ಸಾಗಿಸಿದವನು ನಾನೇ.

ಜನವರಿ 24, ಶುಕ್ರವಾರ

ಆಕೆಗೆ ನಿದ್ದೆ. ಒಂದೇ ಸಮ ಓಡಿಸಿದೆ, ಎಲ್ಲೂ ಎಬ್ಬಿಸಲಿಲ್ಲ.

ಬುಧವಾರ ಏನಾಗುತ್ತದೋ ಎಂದು ಹೆದರಿಕೆಯಾಗುತ್ತಿದೆ.

ಜನವರಿ 29, ಬುಧವಾರ
ಮೈನಸ್ 27. ಎದುರು ಗಾಳಿ.

ಎಲ್ವಾ ತಲುಪಿದಾಗ 56. ಊರೇ ಕತ್ತಲೆ. ಸುನ್ನೀವ ಟಾರ್ಚ್ ಹಿಡಿದು ಹೊರಗೆ ಬಂದಳು. "ತಂತಿ ಹರಿದಿದೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಚಾರ್ಜರೂ ಇಲ್ಲ, ವಾಫೆಲ್ಲೂ ಇಲ್ಲ. ಒಳಗೆ ಸೌದೆ ಒಲೆ ಇದೆ, ಬನ್ನಿ."

ಗಾಡಿಯಲ್ಲೇ ಕೂತು ಲೆಕ್ಕ ಹಾಕಿದೆ. ಮುಂದೆ ಎಪ್ಪತ್ತೆರಡು ಕಿಲೋಮೀಟರ್, ಅದರಲ್ಲಿ ಬೆಟ್ಟ. ಹೀಟರ್ ಹಾಕಿಕೊಂಡು ಹೋದರೆ ಐವತ್ತೈದು ಬೇಕು, ಇನ್ನೂ ಹೆಚ್ಚೂ ಬೇಕಾಗಬಹುದು. ಹಾಕದಿದ್ದರೆ ನಲವತ್ತೈದು. ಮನೆಗೆ ತಿರುಗಿದರೆ ಗಾಳಿ ಬೆನ್ನಿಗೆ, ಬೆಚ್ಚಗೆ ಹೋಗಿ ಸೇರಬಹುದು. ಎಲ್ಲವನ್ನೂ ಗುನ್ವೋರಳಿಗೆ ಬಾಯಿಬಿಟ್ಟು ಹೇಳಿದೆ, ಒಂದು ಸಂಖ್ಯೆಯನ್ನೂ ಬಚ್ಚಿಡಲಿಲ್ಲ.

"ತಿರುಗಿದ್ರೆ ನಾಳೆ ನಿಮಗೆ ಹಾಸಿಗೆ ಸಿಗಬಹುದು. ಮಾರಿತ್‌ಗೆ ಫೋನ್ ಮಾಡಿ ಕೇಳ್ತೀನಿ. ಡಾಕ್ಟರ ಜೊತೆ ಮಾತು ಇನ್ನೊಂದು ದಿನ ಇಟ್ಕೋಬಹುದು. ನೀವೇ ಹೇಳಿ, ಏನು ಮಾಡ್ಲಿ?"

ಆಕೆ ಪರದೆಯ ಮೇಲಿನ 56 ಅನ್ನು ನೋಡುತ್ತಾ ಕೂತಳು. ಒಳಗೆ ಇಪ್ಪತ್ಮೂರು ಡಿಗ್ರಿ ಬೆಚ್ಚಗಿತ್ತು. ನನಗೆ ಗೊತ್ತಿತ್ತು, ಸಾಕಾಗಿದ್ದರೆ ತಿರುಗು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಯಾರೂ ಆಕೆಯನ್ನು ಏನೂ ಅನ್ನುತ್ತಿರಲಿಲ್ಲ.

ಗುನ್ವೋರ್ ಕೈಗವಸು ಬಿಚ್ಚಿ, ತಾನೇ ಕೈ ಚಾಚಿ, ಹೀಟರ್ ಆರಿಸಿದಳು.

"ಇದಕ್ಕೆ ಗುಂಡಿ ಇದೊಂದೇನಾ?"

"ಒಂದೇ."

"ಹಂಗಾದ್ರೆ ಹೊರಡು. ಕುರಿಚರ್ಮ ಕೊಡು ಇಲ್ಲಿ. ಸೀಟಿನ ಬಿಸಿ ಮಾತ್ರ ಮುಟ್ಟಿದ್ರೆ ಕೈ ಮುರೀತೀನಿ."

ಸುನ್ನೀವ ಒಲೆಯ ಮೇಲಿದ್ದ ಎರಡು ಬಿಸಿ ಕಲ್ಲನ್ನು ಚೀಲದಲ್ಲಿ ಸುತ್ತಿ ಆಕೆಯ ಕಾಲಡಿಗೆ ಇಟ್ಟಳು. ಬೆಟ್ಟ ಹತ್ತಿದೆವು. ಗಾಜಿನ ಒಳಗೆ ಮಂಜು ಕಟ್ಟಿತು, ಆಕೆ ಕಾರ್ಡು ತೆಗೆದು ನನ್ನ ಕಡೆಯದನ್ನೂ ಕೆರೆಯತೊಡಗಿದಳು. ಬಾಯಿಗೆ ಮಾತ್ರ ಬಿಡುವಿಲ್ಲ: ಚಳಿಯನ್ನು ಬೈದಳು, ಗಾಡಿ ಮಾಡಿದವರನ್ನು ಬೈದಳು, ಓಸ್ಲೋವನ್ನು ಬೈದಳು, ಕಾಲ್ಬೆರಳು ಒಂದೊಂದನ್ನೂ ಹೆಸರಿಟ್ಟು ಬೈದಳು. ನಾನು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದೆ, ಆಕೆ ಹತ್ತು ನಿಮಿಷಕ್ಕೊಮ್ಮೆ "ಹಾಳು ಚಳಿ!" ಎಂದು ಕೂಗುತ್ತಿದ್ದಳು. ನೆತ್ತಿಯಲ್ಲಿ 25 ಇತ್ತು. ಆಚೆ ಇಳಿಜಾರಿನಲ್ಲಿ ಸ್ವಲ್ಪ ವಾಪಸ್ ಬಂತು. ಪಟ್ಟಣದ ದೀಪ ಕಂಡ ಕೂಡಲೇ ಕೇಳದೆಯೇ ಹೀಟರ್ ಹಾಕಿದೆ. ಆಕೆ ತಡೆಯಲಿಲ್ಲ.

ತಲುಪಿದಾಗ 8. ಮೂವತ್ತೈದು ಪಾಯಿಂಟ್ ಒಂಬತ್ತು, ಎಂದಳು ಮಾರಿತ್. ನನ್ನನ್ನು ಬೈಯಲು ಬಾಯಿ ತೆರೆದಳು. "ಅವನನ್ನ ಏನೂ ಅನ್ಬೇಡ, ನಾನೇ ಆರಿಸಿದ್ದು" ಎಂದು ಗುನ್ವೋರ್ ಹಾಸಿಗೆಯಿಂದಲೇ ಕೂಗಿದಳು.

ಮಧ್ಯಾಹ್ನ ಡಾಕ್ಟರು ಒಳಗೆ ಹೋದರು. ಅರ್ಧ ಗಂಟೆ ಬಾಗಿಲು ಮುಚ್ಚಿತ್ತು. ನಾನು ಹೊರಗೆ ಕೂತು ಹಳೆಯ ಪತ್ರಿಕೆಯ ಒಂದೇ ಪುಟ ಓದಿದೆ. ಏನು ಓದಿದೆ ಎಂದು ಕೇಳಿದರೆ ಹೇಳಲಾರೆ.

ವಾಪಸ್ ಹೊರಟಾಗ ಬ್ಯಾಟರಿ ತುಂಬಿತ್ತು, ಒಳಗೆ ಬೆಚ್ಚಗಿತ್ತು. ಬೆಟ್ಟ ದಾಟಿದೆವು. ಕೊನೆಗೆ ತಡೆಯಲಾಗಲಿಲ್ಲ.

"ಡಾಕ್ಟರು ಏನಂದ್ರು?"

"ಅವರೇನಂತಾರೆ. ನಾನು ಹೇಳ್ದೆ."

"ಏನಂತ?"

"ಈಗ ಬೇಡ, ಬೇಸಿಗೆ ಕಳೀಲಿ, ಆಮೇಲೆ ಇನ್ನೊಂದು ಸಲ ಕೇಳಿ ಅಂತ. ಶುಕ್ರವಾರ ಆರೂ ಮುಕ್ಕಾಲಿಗೆ ಬಾ. ಇವತ್ತು ನಾಲ್ಕು ನಿಮಿಷ ತಡ ಮಾಡಿದ್ದೀಯ."

ನನಗೆ ಅಳು ಬಂತು. ತಡೆದರೂ ನಿಲ್ಲಲಿಲ್ಲ. ಗಾಜು ಒರೆಸಬೇಕು ಎಂದು ಹೇಳಿ, ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿದೆ. ಗಾಜಿನ ಮೇಲೆ ಏನೂ ಇರಲಿಲ್ಲ. ಆದರೂ ತೋಳಿನಿಂದ ಒರೆಸಿದೆ, ಆಚೆ ಕಡೆ ಹೋಗಿ ಅದನ್ನೂ ಒರೆಸಿದೆ, ದೀಪಗಳನ್ನೂ ಒರೆಸಿದೆ.

ಒಳಗಿನಿಂದ ಗುನ್ವೋರ್ ಗಾಜು ಬಡಿದಳು.

"ಬಾಗಿಲು ಹಾಕೋ ಮಾರಾಯ! ಬಿಸಿ ಎಲ್ಲಾ ಹೊರಗೆ ಹೋಗ್ತಿದೆ!"